ಸಿವಿಲೈಸೇಶನ್ 5: ಜನವೂ ಬೆಳೆಯಬೇಕು, ಖಜಾನೆಯೂ ತುಂಬಬೇಕು

ನಗರ ಕಟ್ಟಿ ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 5 ಆಡುವವರು ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ ಜಾಗದಲ್ಲಿ. 80ನೇ ಟರ್ನ್ (ಆಟದ ಒಂದು ಸರದಿ) ಹತ್ತಿರ. ನಾಲ್ಕು ನಗರ ಎದ್ದಿವೆ, ಎಲ್ಲ ಕಡೆ ಲೈಬ್ರರಿ ಮುಗಿದಿದೆ, ವರ್ಕರ್‌ಗಳು ರಸ್ತೆ ಹಾಕಿದ್ದಾರೆ. ಎಲ್ಲ ಸರಿಯಾಗಿದೆ ಅನ್ನುವಾಗ ಮೇಲಿನ ಪಟ್ಟಿ ನೋಡಿದರೆ ಗೋಲ್ಡ್ ಟರ್ನಿಗೆ ಮೈನಸ್ 6. ಕೈಯಲ್ಲಿ 40 ಉಳಿದಿದೆ. ಗಾಬರಿಯಾಗಿ, ಜನರೆಲ್ಲ ಗೋಲ್ಡಿಗೇ ದುಡಿಯಲಿ ಅಂತ ನಾಲ್ಕೂ ನಗರಗಳನ್ನು ಗೋಲ್ಡ್ ಫೋಕಸ್‌ಗೆ ಹಾಕುತ್ತೀರಿ. ಜನ ಬೆಳೆಯುವುದು ಅಲ್ಲಿಗೇ ನಿಂತುಹೋಗುತ್ತದೆ. ಹದಿನೈದು ಟರ್ನ್ ಬಿಟ್ಟು ನೋಡಿದರೆ ಗೋಲ್ಡೂ ಅಷ್ಟಕ್ಕಷ್ಟೇ, ಸಂಶೋಧನೆಯಲ್ಲಿ ಪಕ್ಕದವನು ಮುಂದೆ ಹೋಗಿಬಿಟ್ಟಿದ್ದಾನೆ.

ನಾನೂ ತುಂಬಾ ಆಟಗಳನ್ನು ಹೀಗೇ ಕೈಬಿಟ್ಟಿದ್ದೇನೆ. ಲೆಕ್ಕ ಹಾಕಿ ಆಡಲು ಶುರು ಮಾಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಈ ಆಟದಲ್ಲಿ ಜನಕ್ಕೂ ಗೋಲ್ಡಿಗೂ ಜಗಳವೇ ಇಲ್ಲ. ಜನರೇ ಗೋಲ್ಡು ತರುವವರು. ಮೈನಸ್ ಬರುವುದು ಜನ ಬೆಳೆದದ್ದರಿಂದಲ್ಲ, ಜನ ಬರುವ ಮೊದಲೇ ಅವರ ಹೆಸರಲ್ಲಿ ಕಟ್ಟಡ, ರಸ್ತೆ, ಸೈನ್ಯ ಎಲ್ಲ ಮಾಡಿಟ್ಟದ್ದರಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದರೆ ನಗರದ ಜನಸಂಖ್ಯೆ.

ಕೆಳಗೆ ಬರೆದಿರುವುದೆಲ್ಲ ಬ್ರೇವ್ ನ್ಯೂ ವರ್ಲ್ಡ್ ಎಂಬ ವಿಸ್ತರಣೆ ಹಾಕಿಕೊಂಡು, ಸ್ಟ್ಯಾಂಡರ್ಡ್ ಸ್ಪೀಡಿನಲ್ಲಿ ಆಡುವವರಿಗೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. 2010ರಲ್ಲಿ ಬಂದ ಮೂಲ ಆಟದಲ್ಲಿ (ನಕ್ಷೆಯ ಒಂದೊಂದು ತುಂಡಿಗೆ ಟೈಲ್ ಅಂತಾರೆ) ನದಿ ಪಕ್ಕದ ಟೈಲ್‌ಗಳು, ಸಮುದ್ರದ ಟೈಲ್‌ಗಳು ಸುಮ್ನೆ ಗೋಲ್ಡ್ ಕೊಡುತ್ತಿದ್ದವು. 2013ರಲ್ಲಿ ಬ್ರೇವ್ ನ್ಯೂ ವರ್ಲ್ಡ್ ಬಂದಾಗ ಅದನ್ನು ತೆಗೆದು, ಬದಲಿಗೆ ವ್ಯಾಪಾರಕ್ಕೆ ಹೋಗುವ ಕ್ಯಾರವಾನ್ ಮತ್ತು ಸರಕು ಹಡಗುಗಳನ್ನು ತಂದರು. ಹಾಗಾಗಿ ಮೊದಲ 100 ಟರ್ನ್‌ಗಳಲ್ಲಿ ಗೋಲ್ಡ್ ನಿಜಕ್ಕೂ ಕಡಿಮೆ. ಹಳೆಯ ಸಲಹೆಗಳನ್ನು ಓದಿಕೊಂಡು ಆಡಿದರೆ ಲೆಕ್ಕ ಕೂಡುವುದಿಲ್ಲ.

ಮೊದಲು ಹೊಟ್ಟೆ

ಒಬ್ಬ ನಾಗರಿಕ ಟರ್ನಿಗೆ 2 ಫುಡ್ ತಿನ್ನುತ್ತಾನೆ. ಉಳಿದದ್ದು ಬುಟ್ಟಿಗೆ ಹೋಗುತ್ತದೆ, ಬುಟ್ಟಿ ತುಂಬಿದರೆ ಹೊಸಬ ಹುಟ್ಟುತ್ತಾನೆ. ಬುಟ್ಟಿ ಪ್ರತಿ ಸಲ ದೊಡ್ಡದಾಗುತ್ತದೆ. ಒಂದರಿಂದ ಎರಡಕ್ಕೆ 15, ಎರಡರಿಂದ ಮೂರಕ್ಕೆ 22, ಆಮೇಲೆ 30, 40, 51 ಹೀಗೆ. ಹತ್ತರಿಂದ ಹನ್ನೊಂದಕ್ಕೆ 121 ಬೇಕು. ಟರ್ನಿಗೆ 4 ಫುಡ್ ಉಳಿಸುವ ನಗರ ಶುರುವಿನಲ್ಲಿ ನಾಲ್ಕೇ ಟರ್ನಿಗೆ ಬೆಳೆಯುತ್ತದೆ, ಹತ್ತು ಜನ ಆದ ಮೇಲೆ ಅದೇ 4 ಫುಡ್‌ಗೆ 31 ಟರ್ನ್ ಕಾಯಬೇಕು.

ಇದರಿಂದ ನಾವು ಎರಡು ಮಾತು ತಿಳಿಯಬೇಕು. ಮೊದಲನೆಯದು, ಜನ ಅಗ್ಗವಾಗಿ ಸಿಗುವುದು ಶುರುವಿನಲ್ಲೇ, ಹಾಗಾಗಿ ಆಗ ಗೋಲ್ಡ್ ಟೈಲ್ ಮೇಲೆ ಜನರನ್ನು ಕೂರಿಸಿದರೆ ತುಂಬಾ ದುಬಾರಿ ಬೀಳುತ್ತದೆ. 3 ಜನರ ಊರಿನಲ್ಲಿ ಒಬ್ಬನನ್ನು ಫಾರ್ಮಿನಿಂದ ಎಬ್ಬಿಸಿ ಒಂದೆರಡು ಗೋಲ್ಡಿನ ಟೈಲಿಗೆ ಕಳಿಸಿದರೆ ಆ ಊರಿನ ಬೆಳವಣಿಗೆ ಅರ್ಧಕ್ಕರ್ಧ ಬೀಳಬಹುದು. ಎರಡನೆಯದು, ನಗರ ದೊಡ್ಡದಾದ ಹಾಗೆ ಉಳಿಕೆಯೂ ದೊಡ್ಡದಾಗಬೇಕು. ಅದಕ್ಕೇ ಸಿವಿಲ್ ಸರ್ವಿಸ್ ತಂತ್ರಜ್ಞಾನಕ್ಕೆ ಅಷ್ಟು ಬೆಲೆ. ಅದು ಬಂದ ಕ್ಷಣ ಸಿಹಿನೀರಿನ ಪಕ್ಕದ ಫಾರ್ಮ್‌ಗಳು ಒಂದೊಂದು ಫುಡ್ ಜಾಸ್ತಿ ಕೊಡುತ್ತವೆ. ಹುಲ್ಲುಗಾವಲಿನ ಫಾರ್ಮ್ ಮೂರರಿಂದ ನಾಲ್ಕಕ್ಕೆ ಏರುತ್ತದೆ, ಅಂದರೆ ಅಲ್ಲಿ ದುಡಿಯುವವನು ತನ್ನ ಜೊತೆ ಇನ್ನೊಬ್ಬನ ಹೊಟ್ಟೆಯನ್ನೂ ತುಂಬಿಸುತ್ತಾನೆ. ಅಕ್ವಡಕ್ಟ್ ಕಟ್ಟಿದರೆ ಬೆಳೆದ ಮೇಲೂ ಬುಟ್ಟಿಯ 40% ಫುಡ್ ಉಳಿದುಕೊಳ್ಳುತ್ತದೆ, ಅದರ ಖರ್ಚು ಟರ್ನಿಗೆ 1 ಗೋಲ್ಡ್ ಅಷ್ಟೇ. ಇಡೀ ಆಟದಲ್ಲಿ ಇಷ್ಟು ಲಾಭದ ಕಟ್ಟಡ ಇನ್ನೊಂದು ನನಗೆ ಕಂಡಿಲ್ಲ.

ನಗರದ ಪರದೆಯಲ್ಲಿ ಒಂದು ಕೆಲಸ ರೂಢಿ ಮಾಡಿಕೊಳ್ಳಿ. ಒಳ್ಳೆಯ ಫುಡ್ ಟೈಲ್‌ಗಳ ಮೇಲೆ ಜನರನ್ನು ನೀವೇ ಕೂರಿಸಿ ಲಾಕ್ ಮಾಡಿ, ಆಮೇಲೆ ಫೋಕಸನ್ನು ಪ್ರೊಡಕ್ಷನ್‌ಗೆ ಇಡಿ. ಆಟ ಟರ್ನಿನ ಕೊನೆಯಲ್ಲಿ ಮೊದಲು ಜನರನ್ನು ಬೆಳೆಸಿ ಆಮೇಲೆ ಪ್ರೊಡಕ್ಷನ್ ಲೆಕ್ಕ ಹಾಕುತ್ತದೆ. ಹಾಗಾಗಿ ಹೊಸಬ ಹುಟ್ಟಿದ ಟರ್ನಿನಲ್ಲೇ ಗಣಿಗೋ ಬೆಟ್ಟಕ್ಕೋ ಹೋಗಿ ಕೆಲಸ ಮಾಡಿ ಕೊಡುತ್ತಾನೆ. ಮುಂದಿನ ಟರ್ನ್ ಅವನನ್ನು ಬೇಕಾದ ಕಡೆ ಹಾಕಿಕೊಳ್ಳಿ. ಸಣ್ಣ ಲಾಭ, ಆದರೆ ಪ್ರತಿ ನಗರ, ಪ್ರತಿ ಸಲ.

ಹೊಸ ನಗರ ಕಟ್ಟಲು ಹೋಗುವ ಸೆಟ್ಲರ್ ಮಾಡುವಾಗ ಮಾತ್ರ ಇದು ಬೇರೆ. ಸೆಟ್ಲರ್ ತಯಾರಾಗುವಷ್ಟು ಹೊತ್ತು ಆ ನಗರ ಬೆಳೆಯುವುದೇ ಇಲ್ಲ. ಹಾಗಾಗಿ ಆ ಟರ್ನ್‌ಗಳಲ್ಲಿ ಫುಡ್ ಟೈಲ್ ಬಿಟ್ಟು ಪ್ರೊಡಕ್ಷನ್ ಟೈಲ್ ಹಿಡಿದು ಬೇಗ ಮುಗಿಸಿ.

ರಸ್ತೆ: ಗೋಲ್ಡ್ ಸೋರುವುದೂ ಇಲ್ಲೇ, ಬರುವುದೂ ಇಲ್ಲೇ

ನನ್ನನ್ನು ಕೇಳಿದರೆ ಈ ಇಡೀ ಲೇಖನದಲ್ಲಿ ಮುಖ್ಯವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ಒಂದು ಟೈಲ್ ರಸ್ತೆಗೆ ಟರ್ನಿಗೆ 1 ಗೋಲ್ಡ್ ಖರ್ಚು. ರೈಲಿಗೆ 2. ನಗರ ರಾಜಧಾನಿಗೆ ಸೇರಿದರೆ ಆದಾಯ ಬರುತ್ತದೆ. ಎಷ್ಟು? ಆ ನಗರದ ಜನಸಂಖ್ಯೆಯನ್ನು 1.1ರಿಂದ ಗುಣಿಸಿ, ರಾಜಧಾನಿಯ ಜನಸಂಖ್ಯೆಯನ್ನು 0.15ರಿಂದ ಗುಣಿಸಿ, ಎರಡನ್ನೂ ಕೂಡಿ ಒಂದು ಕಳೆಯಿರಿ. ಅಷ್ಟು ಗೋಲ್ಡ್ ಪ್ರತಿ ಟರ್ನ್.

ಈಗ ಒಂದು ಉದಾಹರಣೆ ನೋಡೋಣ. ರಾಜಧಾನಿಯಲ್ಲಿ 8 ಜನ, ಹೊಸ ನಗರದಲ್ಲಿ 3 ಜನ, ನಡುವೆ 6 ಟೈಲ್ ರಸ್ತೆ. ಹೊಸ ನಗರದಿಂದ 3.3, ರಾಜಧಾನಿಯಿಂದ 1.2, ಒಂದು ಕಳೆದರೆ 3.5. ಖರ್ಚು 6. ಟರ್ನಿಗೆ ಎರಡೂವರೆ ಗೋಲ್ಡ್ ನಷ್ಟ! ಇಂಥ ಮೂರು ರಸ್ತೆ ಹಾಕಿದ್ದರೆ ಏಳೂವರೆ ಗೋಲ್ಡ್ ಹೋಯಿತು. ಮೇಲೆ ಹೇಳಿದ ಮೈನಸ್ 6 ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ?

ಅದೇ ನಗರ 6 ಜನಕ್ಕೆ ಬೆಳೆದು, ರಾಜಧಾನಿ 10 ಆಗಲಿ. ಆಗ 6.6, ಅದಕ್ಕೆ 1.5, ಒಂದು ಕಳೆದರೆ 7.1. ಖರ್ಚು ಅದೇ 6. ಲಾಭ ಶುರುವಾಯಿತು. ಮುಂದೆ ಆ ನಗರ 10, ರಾಜಧಾನಿ 15 ಆದರೆ ಆದಾಯ 12.25, ಅಂದರೆ ಖರ್ಚು ಕಳೆದು ಟರ್ನಿಗೆ ಆರು ಗೋಲ್ಡಿಗಿಂತ ಜಾಸ್ತಿ. ನೀವು ಮಾಡಿದ್ದು ಜನರನ್ನು ಬೆಳೆಸಿದ್ದು ಮಾತ್ರ, ರಸ್ತೆ ಅದೇ ರಸ್ತೆ.

ಹಾಗಾಗಿ ನಾನು ಇಟ್ಟುಕೊಂಡಿರುವ ಲೆಕ್ಕ ತುಂಬಾ ಸರಳ: ರಸ್ತೆ ಎಷ್ಟು ಟೈಲ್ ಉದ್ದವೋ ಅಷ್ಟು ಜನ ಆ ನಗರದಲ್ಲಿ ಆದ ದಿನ ರಸ್ತೆ ಮುಗಿಯಬೇಕು. ಅದಕ್ಕಿಂತ ಮೊದಲು ಬೇಡ. ವರ್ಕರ್‌ಗೆ ರಸ್ತೆ ಹಾಕಲು ಟರ್ನ್‌ಗಳು ಬೇಕು, ಹಾಕಿ ಮುಗಿದ ಪ್ರತಿ ತುಂಡಿಗೂ ಖರ್ಚು ಆಗಲೇ ಶುರು, ಹಾಗಾಗಿ ಅರ್ಧ ರಸ್ತೆ ಹಾಕಿ ವರ್ಕರನ್ನು ಬೇರೆ ಕಡೆ ಎಳೆದುಕೊಂಡು ಹೋಗಬೇಡಿ. ಶುರು ಮಾಡಿದರೆ ಒಂದೇ ಉಸಿರಿಗೆ ಮುಗಿಸಿ, ಸಾಧ್ಯವಾದರೆ ಇಬ್ಬರು ವರ್ಕರ್‌ಗಳನ್ನು ಎರಡು ತುದಿಯಿಂದ ಹಚ್ಚಿ.

ನಗರ ಕಟ್ಟುವಾಗಲೇ ಇದನ್ನು ನೆನಪಿಡಿ. ಎರಡನೇ ನಗರ ರಾಜಧಾನಿಗೂ ಮೂರನೇ ನಗರಕ್ಕೂ ನಡುವೆ ಬರುವಂತೆ ಇಟ್ಟರೆ ಒಂದೇ ದಾರಿಯಲ್ಲಿ ಎರಡೂ ಸೇರುತ್ತವೆ. ನಗರ ಕೂತ ಟೈಲಿಗೆ ರಸ್ತೆ ಖರ್ಚಿಲ್ಲ. ತೀರದ ನಗರಗಳಾದರೆ ಕಂಪಾಸ್ ತಂತ್ರಜ್ಞಾನ ಬಂದ ಮೇಲೆ ಹಾರ್ಬರ್ ಕಟ್ಟಿ ನೀರಿನ ಮೂಲಕವೇ ಸೇರಿಸಬಹುದು, ಉದ್ದ ರಸ್ತೆಗಿಂತ ಅದೇ ಅಗ್ಗ.

ವರ್ಕರ್‌ಗಳನ್ನು ಆಟೋಮೇಟ್ ಮಾಡಬೇಡಿ, ಕಡೇಪಕ್ಷ ಮೊದಲ 120 ಟರ್ನ್. ಅವರು ತಮಗೆ ತೋಚಿದ ಕಡೆ ರಸ್ತೆ ಹಾಕುತ್ತಾರೆ, ಬಿಲ್ಲು ನಿಮಗೆ. ಆಗಲೇ ಹಾಕಿಬಿಟ್ಟಿದ್ದರೆ ವರ್ಕರನ್ನು ಆ ಟೈಲ್ ಮೇಲೆ ನಿಲ್ಲಿಸಿ ರಸ್ತೆ ತೆಗೆಸುವ ಆಯ್ಕೆ ಇದೆ. ನಿಮ್ಮ ಗಡಿಯೊಳಗೆ ಒಂದಕ್ಕೊಂದು ಪಕ್ಕದಲ್ಲೇ ಓಡುವ ಎರಡು ರಸ್ತೆ ಕಂಡರೆ ಒಂದನ್ನು ಕಿತ್ತುಹಾಕಿ.

ಲಿಬರ್ಟಿ ಎಂಬ ಆಡಳಿತ ಪಾಲಿಸಿ ಹಿಡಿದವರಿಗೆ ಒಂದು ವಿನಾಯಿತಿ ಇದೆ. ಅದರಲ್ಲಿ ಮೆರಿಟೋಕ್ರಸಿ ತೆಗೆದುಕೊಂಡರೆ ರಾಜಧಾನಿಗೆ ಸೇರಿದ ಪ್ರತಿ ನಗರಕ್ಕೂ 1 ಹ್ಯಾಪಿನೆಸ್ (ಜನರ ಸಂತೋಷದ ಎಣಿಕೆ, ಅದರ ಲೆಕ್ಕ ಮುಂದೆ ಇದೆ) ಸಿಗುತ್ತದೆ. ಹ್ಯಾಪಿನೆಸ್ ಬಿಗಿಯಾಗಿದ್ದರೆ ಟರ್ನಿಗೆ ಒಂದೆರಡು ಗೋಲ್ಡ್ ನಷ್ಟವಾದರೂ ರಸ್ತೆ ಬೇಗ ಹಾಕುವುದು ಸರಿ.

ಕಟ್ಟಡಗಳ ಬಾಡಿಗೆ

ಪ್ರತಿ ಕಟ್ಟಡವೂ ಬಾಡಿಗೆ ಮನೆ ಇದ್ದ ಹಾಗೆ, ಒಳಗೆ ಜನ ಇರಲಿ ಇಲ್ಲದಿರಲಿ, ಟರ್ನ್ ಟರ್ನಿಗೂ ದುಡ್ಡು ಹೋಗುತ್ತದೆ. ಮಾನ್ಯುಮೆಂಟ್ 1, ಗ್ರೇನರಿ 1, ಲೈಬ್ರರಿ 1, ವಾಟರ್ ಮಿಲ್ 2, ವರ್ಕ್‌ಶಾಪ್ 2, ಯೂನಿವರ್ಸಿಟಿ 2. ಮಾರ್ಕೆಟ್, ಬ್ಯಾಂಕ್‌ಗೆ ಖರ್ಚಿಲ್ಲ.

ಲೈಬ್ರರಿ ಪ್ರತಿ ಇಬ್ಬರಿಗೆ 1 ಸೈನ್ಸ್ ಕೊಡುತ್ತದೆ. 2 ಜನರ ಊರಿನಲ್ಲಿ ಲೈಬ್ರರಿ ಕಟ್ಟಿದರೆ 1 ಗೋಲ್ಡ್ ಕೊಟ್ಟು 1 ಸೈನ್ಸ್ ಕೊಂಡ ಹಾಗೆ, 8 ಜನರ ಊರಿನಲ್ಲಿ ಅದೇ 1 ಗೋಲ್ಡಿಗೆ 4 ಸೈನ್ಸ್. ಅದಕ್ಕೇ ಸಣ್ಣ ಊರಿನಲ್ಲಿ ನಾನು ಮೊದಲು ಗ್ರೇನರಿ ಕಟ್ಟುತ್ತೇನೆ. 1 ಗೋಲ್ಡಿಗೆ 2 ಫುಡ್ ಕೊಡುತ್ತದೆ, ಅಂದರೆ ಒಬ್ಬನ ಊಟ ಪೂರ್ತಿ ಬಂತು. ಸುತ್ತ ಗೋಧಿ, ಜಿಂಕೆ, ಬಾಳೆ ಇದ್ದರೆ ಅವುಗಳ ಮೇಲೆ ಇನ್ನೂ ಒಂದೊಂದು ಫುಡ್. ವಾಟರ್ ಮಿಲ್ ಕೊಡುವ ಫುಡ್ಡೂ 2, ಆದರೆ ಅದಕ್ಕೆ 2 ಗೋಲ್ಡ್ ಹೋಗುತ್ತದೆ, ಹಾಗಾಗಿ ಅದನ್ನು ಕೈಯಲ್ಲಿ ಕಾಸು ಆಡುವ ಹೊತ್ತಿಗೆ ಇಟ್ಟುಕೊಳ್ಳಿ.

ಆದರೆ ನ್ಯಾಷನಲ್ ಕಾಲೇಜ್ ಬೇಕು ಅಂದರೆ ಎಲ್ಲ ನಗರಗಳಲ್ಲೂ ಲೈಬ್ರರಿ ಇರಲೇಬೇಕು. ಅಲ್ಲಿ ನನ್ನ ಈ ಲೆಕ್ಕ ಬಿಟ್ಟುಬಿಡಿ, ಸಣ್ಣ ಊರಿನಲ್ಲೂ ಲೈಬ್ರರಿ ಕಟ್ಟಿ, ಮೂರೋ ನಾಲ್ಕೋ ಗೋಲ್ಡ್ ಹೋದರೆ ಹೋಗಲಿ. ನ್ಯಾಷನಲ್ ಕಾಲೇಜ್ ಕೊಡುವ ಸೈನ್ಸ್ ಮುಂದೆ ಅದು ದೊಡ್ಡ ಮಾತಲ್ಲ.

ಮಾರ್ಕೆಟ್‌ಗೆ ಖರ್ಚಿಲ್ಲ ಅಂತ ಎಲ್ಲ ಕಡೆ ಮೊದಲೇ ಕಟ್ಟಲು ಹೋಗಬೇಡಿ. ಅದರ ಮುಖ್ಯ ಲಾಭ ಆ ನಗರದಲ್ಲೇ ಹುಟ್ಟುವ ಗೋಲ್ಡಿನ ಮೇಲೆ 25%. ಸಣ್ಣ ಊರಿನಲ್ಲಿ ಹುಟ್ಟುವುದೇ ಒಂದೆರಡು ಗೋಲ್ಡ್, ಅದರ ಕಾಲು ಭಾಗ ಎಷ್ಟಾಯಿತು? ರಾಜಧಾನಿಯಲ್ಲಿ ಅರಮನೆಯದೇ 3 ಗೋಲ್ಡ್ ಇರುತ್ತದೆ, ಮೊದಲು ಅಲ್ಲಿ ಕಟ್ಟಿ.

ಸೈನ್ಯದ ಖರ್ಚು ಕಣ್ಣಿಗೆ ಕಾಣದ ಹಾಗೆ ಏರುತ್ತದೆ. ಅದೇ ಸಂಖ್ಯೆಯ ಸೈನಿಕರಿಗೂ ಆಟ ಮುಂದೆ ಹೋದ ಹಾಗೆ ಜಾಸ್ತಿ ಕೊಡಬೇಕು. ನಕ್ಷೆಯೆಲ್ಲ ನೋಡಿ ಮುಗಿಸಿದ ಸ್ಕೌಟನ್ನು ಗುಡ್ಡದ ಮೇಲೆ ಮಲಗಿಸಿ ಮರೆತುಬಿಡುತ್ತೇವೆ, ಅವನಿಗೂ ಸಂಬಳ ಹೋಗುತ್ತಿರುತ್ತದೆ. ಕೆಲಸ ಮುಗಿದವರನ್ನು ತೆಗೆದುಹಾಕಿ, ಇಲ್ಲವೇ ಒಂದೇ ನಗರದ ರಾಜ್ಯವಾದ ಪಕ್ಕದ ಸಿಟಿ ಸ್ಟೇಟ್‌ಗೆ ದಾನ ಕೊಡಿ, ಸ್ನೇಹವೂ ಬೆಳೆಯುತ್ತದೆ. ಟ್ರೆಡಿಶನ್ ಪಾಲಿಸಿ ಹಿಡಿದಿದ್ದರೆ ಅದರಲ್ಲಿ ಆಲಿಗಾರ್ಕಿ ಇದೆ, ನಗರದ ಒಳಗೆ ಕಾವಲು ನಿಂತವರಿಗೆ ಸಂಬಳವೇ ಬೇಡ. ನಾಲ್ಕು ಬಿಲ್ಲುಗಾರರನ್ನು ನಾಲ್ಕು ನಗರದಲ್ಲಿ ನಿಲ್ಲಿಸಿದರೆ ಅಷ್ಟೂ ಉಳಿತಾಯ.

ಹ್ಯಾಪಿನೆಸ್ ಮತ್ತು ಮಾರಾಟ

ಜನರನ್ನು ಬೆಳೆಸಿ ಬೆಳೆಸಿ ಅಂತ ಇಷ್ಟೊತ್ತು ಹೇಳಿದೆ. ಅದಕ್ಕೆ ಒಂದು ಗೋಡೆ ಇದೆ, ಹ್ಯಾಪಿನೆಸ್. ಒಬ್ಬ ನಾಗರಿಕನಿಗೆ 1 ಕಡಿಮೆ, ಒಂದು ನಗರಕ್ಕೆ 3 ಕಡಿಮೆ. ಸೊನ್ನೆಗಿಂತ ಕೆಳಗೆ ಇಳಿದರೆ ಬೆಳವಣಿಗೆಯಲ್ಲಿ 75% ಕಡಿತ. ಮೈನಸ್ 10 ಆದರೆ ಬೆಳವಣಿಗೆ ಪೂರ್ತಿ ನಿಲ್ಲುತ್ತದೆ, ಸೆಟ್ಲರ್ ಕೂಡ ಮಾಡಲಾಗುವುದಿಲ್ಲ.

ಒಂದು ಹೊಸ ಬಗೆಯ ಲಕ್ಸುರಿ, ರೇಷ್ಮೆಯೋ ದ್ರಾಕ್ಷಾರಸವೋ ದಂತವೋ, 4 ಹ್ಯಾಪಿನೆಸ್ ಕೊಡುತ್ತದೆ. ಅದೇ ಬಗೆಯದು ಎರಡನೆಯದು ಸಿಕ್ಕರೆ ನಿಮಗೆ ಏನೂ ಇಲ್ಲ. ಆ ಎರಡನೆಯದೇ ನಿಮ್ಮ ಸರಕು. ಕಂಪ್ಯೂಟರ್ ಆಡುವ ರಾಜರು ನಿಮ್ಮ ಮೇಲೆ ಕೋಪ ಇಟ್ಟುಕೊಂಡಿಲ್ಲದಿದ್ದರೆ ಅದಕ್ಕೆ ಟರ್ನಿಗೆ 7 ಗೋಲ್ಡ್ ಹತ್ತಿರ, 30 ಟರ್ನ್ ಕೊಡುತ್ತಾರೆ. ಸ್ನೇಹ ಘೋಷಣೆ ಮಾಡಿಕೊಂಡಿದ್ದರೆ ಒಂದೇ ಸಲಕ್ಕೆ 240ರ ಹತ್ತಿರ ಕೈಗೆ ಸಿಗುತ್ತದೆ. ಶುರುವಿನಲ್ಲಿ ನಾನು ಯಾವಾಗಲೂ ಒಟ್ಟಿಗೇ ತೆಗೆದುಕೊಳ್ಳುತ್ತೇನೆ, ಏಕೆಂದರೆ 40ನೇ ಟರ್ನಿನಲ್ಲಿ ಸಿಕ್ಕ 240ರಲ್ಲಿ ವರ್ಕರ್ ಕೊಳ್ಳುವ ದುಡ್ಡಿನ ಮುಕ್ಕಾಲು ಭಾಗ ಬಂತು, ಮತ್ತೆ ಆ ರಾಜ ನಡುವೆ ಯುದ್ಧ ಹೂಡಿದರೂ ದುಡ್ಡು ವಾಪಸ್ ಹೋಗುವುದಿಲ್ಲ.

ಇಲ್ಲಿ ನಿಜವಾದ ಪ್ರಶ್ನೆ ಬೇರೆ. ಎರಡನೇ ಲಕ್ಸುರಿಯನ್ನು 7 ಗೋಲ್ಡಿಗೆ ಮಾರುವುದೋ, ಇಲ್ಲ ಇನ್ನೊಬ್ಬನ ಬೇರೆ ಲಕ್ಸುರಿಗೆ ಬದಲಿಸಿಕೊಳ್ಳುವುದೋ? ಬದಲಿಸಿಕೊಂಡರೆ 4 ಹ್ಯಾಪಿನೆಸ್, ಅಂದರೆ ಇನ್ನೂ ನಾಲ್ಕು ಜನರಿಗೆ ಜಾಗ. ಸೇರಿದ ನಗರಗಳಲ್ಲಿ ಆ ನಾಲ್ಕು ಜನ ತರುವುದು 4.4 ಗೋಲ್ಡ್, ಜೊತೆಗೆ ತಲೆಗೊಂದು ಸೈನ್ಸ್, ಲೈಬ್ರರಿ ಇದ್ದರೆ ಇನ್ನೂ ಎರಡು, ಮತ್ತೆ ಅವರು ದುಡಿಯುವ ಟೈಲ್‌ಗಳ ಫಲ ಬೇರೆ. 7 ಗೋಲ್ಡ್‌ಗಿಂತ ಇದೇ ಜಾಸ್ತಿ. ಆದರೆ ಆ ನಾಲ್ಕು ಜನ ಹುಟ್ಟಿದ ಮೇಲೆ ಮಾತ್ರ. ನಿಮ್ಮ ಹ್ಯಾಪಿನೆಸ್ ಆಗಲೇ ಪ್ಲಸ್ 8 ಇದ್ದರೆ ಬದಲಿಸಿಕೊಂಡ 4 ಸುಮ್ನೆ ಕೂತಿರುತ್ತದೆ, ಮಾರಿಬಿಡಿ. ಪ್ಲಸ್ 2ಕ್ಕೆ ಬಂದಿದ್ದರೆ, ನಗರಗಳು ಬೆಳೆಯುತ್ತಿದ್ದರೆ, ಬದಲಿಸಿಕೊಳ್ಳಿ. ನನ್ನ ಗಡಿ ಸುಮಾರು 5.

ಒಪ್ಪಂದ 30 ಟರ್ನಿಗೆ ಮುಗಿಯುತ್ತದೆ. ಮುಗಿದದ್ದು ಗೊತ್ತಾಗದೆ ಹತ್ತಿಪ್ಪತ್ತು ಟರ್ನ್ ಕಳೆದರೆ 70ರಿಂದ 140 ಗೋಲ್ಡ್ ಹೋಯಿತು ಅಂತಲೇ ಅರ್ಥ. ಪ್ರತಿ ಹತ್ತು ಟರ್ನಿಗೆ ಒಮ್ಮೆ ಎಲ್ಲ ರಾಜರ ವ್ಯಾಪಾರದ ಪರದೆ ತೆರೆದು ನೋಡುವುದು ಬೇಸರದ ಕೆಲಸ, ಆದರೆ ಮೊದಲ ನೂರು ಟರ್ನ್‌ಗಳಲ್ಲಿ ಗೋಲ್ಡ್ ಸಿಗುವ ದೊಡ್ಡ ದಾರಿ ಇದೇ.

ಹ್ಯಾಪಿನೆಸ್ ಸೊನ್ನೆ ಹತ್ತಿರ ಬಂದಾಗ ಬೆಳವಣಿಗೆ ನಿಲ್ಲಿಸುವ ಅವಾಯ್ಡ್ ಗ್ರೋತ್ ಒತ್ತುವವರಿದ್ದಾರೆ. ಅದಕ್ಕಿಂತ ಫಾರ್ಮಿನಲ್ಲಿ ಇರುವ ಒಂದಿಬ್ಬರನ್ನು ಗಣಿಗೆ ಅಥವಾ ಗೋಲ್ಡ್ ಟೈಲಿಗೆ ಕಳಿಸಿ. ಬೆಳವಣಿಗೆ ಹೇಗೂ ಬೇಡ ಅಂದ ಮೇಲೆ ಆ ಫುಡ್ ಬುಟ್ಟಿಗೆ ಬಿದ್ದು ಏನು ಪ್ರಯೋಜನ? ಇಡೀ ಆಟದಲ್ಲಿ ಜನರನ್ನು ಗೋಲ್ಡ್ ಟೈಲಿಗೆ ಕೂರಿಸಲು ಇದೇ ಸರಿಯಾದ ಹೊತ್ತು.

ಕ್ಯಾರವಾನ್: ಹೊರಗೋ ಒಳಗೋ

ಅನಿಮಲ್ ಹಸ್ಬೆಂಡ್ರಿ ಕಲಿತರೆ ಕ್ಯಾರವಾನ್, ಸೇಲಿಂಗ್ ಕಲಿತರೆ ಸರಕು ಹಡಗು. ಎರಡರಿಂದಲೂ ಒಂದೊಂದು ವ್ಯಾಪಾರದ ದಾರಿ ತೆರೆಯುತ್ತದೆ. ಸಮುದ್ರದ ದಾರಿ ನೆಲದ ದಾರಿಗಿಂತ ದುಪ್ಪಟ್ಟು ಕೊಡುತ್ತದೆ, ಹಾಗಾಗಿ ತೀರದಲ್ಲಿ ಒಂದು ನಗರ ಇದ್ದರೆ ಹಡಗನ್ನೇ ಮಾಡಿ.

ದಾರಿಯನ್ನು ಬೇರೆ ರಾಜನ ಊರಿಗೆ ಕಳಿಸಿದರೆ ಗೋಲ್ಡ್. ನಿಮ್ಮದೇ ಇನ್ನೊಂದು ನಗರಕ್ಕೆ ಕಳಿಸಿದರೆ ಫುಡ್ ಅಥವಾ ಪ್ರೊಡಕ್ಷನ್. ಫುಡ್ ಕಳಿಸಲು ಹೊರಡುವ ನಗರದಲ್ಲಿ ಗ್ರೇನರಿ ಇರಬೇಕು, ಪ್ರೊಡಕ್ಷನ್‌ಗೆ ವರ್ಕ್‌ಶಾಪ್. ಅನುಭವಿಗಳು ಫುಡ್ಡನ್ನು ರಾಜಧಾನಿಗೆ ಕಳಿಸಿ ಅಂತಾರೆ. ಸರಿಯೇ, ಆದರೆ ಹೊತ್ತು ನೋಡಬೇಕು. ಒಂದು ಹಡಗು 6 ಫುಡ್ ತರುತ್ತದೆ ಅಂತ ಇಟ್ಟುಕೊಳ್ಳಿ. ಅದರಿಂದ ರಾಜಧಾನಿಯಲ್ಲಿ ಮೂರು ಜನ ಜಾಸ್ತಿ ಬದುಕುತ್ತಾರೆ. ಮೂರು ನಗರ ಸೇರಿದ್ದರೆ ಆ ಮೂವರಿಂದ ರಸ್ತೆ ಆದಾಯ 1.35, ರಾಜಧಾನಿಯ ಪ್ರತಿ ಇಬ್ಬರಿಗೆ 1 ಗೋಲ್ಡ್ ಕೊಡುವ ಮೊನಾರ್ಕಿ ಪಾಲಿಸಿ ಇದ್ದರೆ ಇನ್ನೊಂದೂವರೆ. ಒಟ್ಟು ಮೂರು ಗೋಲ್ಡ್ ಆಸುಪಾಸು. ಅದೇ ಹಡಗು ಹೊರಗೆ ಹೋಗಿದ್ದರೆ ಇದಕ್ಕಿಂತ ಜಾಸ್ತಿ ಗೋಲ್ಡ್ ತರುತ್ತಿತ್ತು. ಅಂದರೆ ಒಳಗಿನ ದಾರಿಯಿಂದ ಸಿಗುವುದು ಸೈನ್ಸ್ ಮತ್ತು ಪ್ರೊಡಕ್ಷನ್, ಗೋಲ್ಡ್ ಅಲ್ಲ. ಆದಾಯ ಮೈನಸ್ ಇರುವಾಗ ಫುಡ್ ದಾರಿ ಬೇಡ. ಮೊದಲ ಎರಡು ದಾರಿ ಹೊರಗೆ ಹೋಗಲಿ, ಟರ್ನಿಗೆ ಪ್ಲಸ್ 10 ಬಂದ ಮೇಲೆ ಹೊಸದಾಗಿ ತೆರೆಯುವ ದಾರಿಗಳನ್ನು ರಾಜಧಾನಿಗೆ ತಿರುಗಿಸಿ.

ಹೊರಗೆ ಕಳಿಸುವಾಗ ನಿಮಗಿಂತ ತಂತ್ರಜ್ಞಾನದಲ್ಲಿ ಮುಂದಿರುವವರ ಊರಿಗೇ ಕಳಿಸಿ, ಗೋಲ್ಡ್ ಜೊತೆ ಸೈನ್ಸೂ ಬರುತ್ತದೆ. ಮತ್ತೆ ದಾರಿಯ ಪಕ್ಕದಲ್ಲಿ ಬಾರ್ಬೇರಿಯನ್ ಶಿಬಿರ ಇದೆಯಾ ನೋಡಿ. ಕ್ಯಾರವಾನ್ ಲೂಟಿ ಆದರೆ ಅದನ್ನು ಮಾಡಲು ಹೋದ ಟರ್ನ್‌ಗಳೂ ಹೋದವು, ಬರಬೇಕಾದ ಗೋಲ್ಡೂ ಹೋಯಿತು. ಒಬ್ಬ ಸೈನಿಕನನ್ನು ಆ ಕಡೆ ಎತ್ತರದ ಜಾಗದಲ್ಲಿ ನಿಲ್ಲಿಸಿದರೆ ಸಾಕು, ಕಣ್ಣಿಗೆ ಕಾಣುವ ಕಡೆ ಶಿಬಿರ ಹುಟ್ಟುವುದಿಲ್ಲ.

ಟ್ರೇಡಿಂಗ್ ಪೋಸ್ಟ್ ವಿಷಯ ಬೇಗ ಮುಗಿಸುತ್ತೇನೆ. ಗಿಲ್ಡ್ಸ್ ತಂತ್ರಜ್ಞಾನ ಬಂದ ಮೇಲೆ ಕಟ್ಟಬಹುದು, ಟೈಲಿಗೆ 1 ಗೋಲ್ಡ್, ಎಕನಾಮಿಕ್ಸ್ ಬಂದ ಮೇಲೆ ಇನ್ನೊಂದು. ನದಿ ಪಕ್ಕ ಯಾವತ್ತೂ ಕಟ್ಟಬೇಡಿ, ಅದು ಫಾರ್ಮಿನ ಜಾಗ. ದಟ್ಟ ಕಾಡು, ಆಟದಲ್ಲಿ ಜಂಗಲ್ ಅಂತಾರಲ್ಲ, ಅಲ್ಲಿ ಕಟ್ಟಿ. ಕಾಡು ಕಡಿಯಬೇಕಿಲ್ಲ, 2 ಫುಡ್ ಹಾಗೇ ಉಳಿಯುತ್ತದೆ, ಯೂನಿವರ್ಸಿಟಿ ಬಂದರೆ ಅದೇ ಟೈಲ್ 2 ಸೈನ್ಸ್ ಕೊಡುತ್ತದೆ, ಮೇಲೆ ಗೋಲ್ಡ್ ಬೇರೆ. ಜಂಗಲ್ ಮಧ್ಯೆ ಊರು ಸಿಕ್ಕಿತು ಅಂತ ಬೇಜಾರು ಮಾಡಿಕೊಂಡು ಎಲ್ಲ ಕಡಿದು ಫಾರ್ಮ್ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಭಾರತವನ್ನು ಹಿಡಿದು ಆಡುವವರಿಗೆ

ನಮ್ಮಲ್ಲಿ ತುಂಬಾ ಜನ ಮೊದಲ ಆಟಕ್ಕೆ ಭಾರತವನ್ನೇ ಆರಿಸಿಕೊಳ್ಳುತ್ತಾರೆ, ಗಾಂಧಿ ಇದ್ದಾರೆ ಅಂತ. ಆದರೆ ಭಾರತದ ಲೆಕ್ಕ ಬೇರೆಯವರ ಹಾಗಿಲ್ಲ, ಅದು ಗೊತ್ತಿಲ್ಲದೆ ಆಡಿದರೆ ಕಷ್ಟ. ಭಾರತಕ್ಕೆ ನಗರ ಒಂದಕ್ಕೆ ಹ್ಯಾಪಿನೆಸ್ ಕಡಿತ ದುಪ್ಪಟ್ಟು, ಅಂದರೆ 6. ನಾಗರಿಕನಿಗೆ ಅರ್ಧ, ಅಂದರೆ 0.5. 2 ಜನರ ಸಣ್ಣ ಊರು ಬೇರೆಯವರಿಗೆ 5 ಹ್ಯಾಪಿನೆಸ್ ತಿಂದರೆ ಭಾರತಕ್ಕೆ 7 ತಿನ್ನುತ್ತದೆ. 6 ಜನ ಆದಾಗ ಇಬ್ಬರಿಗೂ 9, ಸಮ. 20 ಜನ ಆದಾಗ ಬೇರೆಯವರಿಗೆ 23, ಭಾರತಕ್ಕೆ 16.

ಹಾಗಾಗಿ ಮೂರು ಇಲ್ಲವೇ ನಾಲ್ಕು ನಗರ, ಅದಕ್ಕಿಂತ ಜಾಸ್ತಿ ಬೇಡ. ಒಂದು ನಗರ 6 ಜನ ದಾಟುವ ತನಕ ಮುಂದಿನ ಸೆಟ್ಲರ್ ಕಳಿಸುವ ಅವಸರ ಬೇಡ, ಒಳ್ಳೆಯ ಜಾಗ ಬೇರೆಯವರ ಪಾಲಾಗುತ್ತದೆ ಅನ್ನಿಸಿದರೆ ಮಾತ್ರ ಕಳಿಸಿ. ಟ್ರೆಡಿಶನ್ ಪಾಲಿಸಿ ಭಾರತಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ಮೊನಾರ್ಕಿ ತೆಗೆದುಕೊಂಡರೆ ರಾಜಧಾನಿಯ ಪ್ರತಿ ಇಬ್ಬರಿಗೆ 1 ಗೋಲ್ಡ್ ಬರುತ್ತದೆ, ಹ್ಯಾಪಿನೆಸ್ ಕಡಿತವೂ 1 ಕಡಿಮೆ. ರಾಜಧಾನಿ 20 ಆದರೆ ಬರೀ ಅದರಿಂದಲೇ 10 ಗೋಲ್ಡ್. ಟ್ರೆಡಿಶನ್ ಪೂರ್ತಿ ಮುಗಿಸಿದರೆ ಮೊದಲ ನಾಲ್ಕು ನಗರಕ್ಕೆ ಅಕ್ವಡಕ್ಟ್ ಉಚಿತ. ನಗರ ಕಡಿಮೆ, ಹಾಗಾಗಿ ರಸ್ತೆಯೂ ಕಡಿಮೆ, ಜನ ಜಾಸ್ತಿ, ಹಾಗಾಗಿ ರಸ್ತೆ ಆದಾಯ ಜಾಸ್ತಿ.

ಧರ್ಮ ಸ್ಥಾಪಿಸಿದರೆ ಟೈತ್ ಎಂಬ ನಂಬಿಕೆ ತೆಗೆದುಕೊಳ್ಳಿ, ಪ್ರತಿ ನಾಲ್ಕು ಅನುಯಾಯಿಗಳಿಗೆ 1 ಗೋಲ್ಡ್. ಚರ್ಚ್ ಪ್ರಾಪರ್ಟಿ ನಗರಕ್ಕೆ 2 ಕೊಡುತ್ತದೆ, ಅದು ಸಣ್ಣ ಸಣ್ಣ ಹತ್ತು ನಗರ ಇಟ್ಟುಕೊಂಡವರಿಗೆ. 8 ಜನಕ್ಕಿಂತ ದೊಡ್ಡ ನಗರಗಳಿದ್ದರೆ ಟೈತೇ ಮೇಲು.

ಗೋಲ್ಡ್ ಕೂಡಿಟ್ಟು ಏನು ಮಾಡುತ್ತೀರಿ?

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುವುದು ನಿಜ, ಆದರೆ ಈ ಆಟದಲ್ಲಿ ಕುಡಿಕೆ ತುಂಬಿಸಿಟ್ಟು ಮೇಲೆ ಕೂರುವುದೂ ಅಷ್ಟೇ ನಷ್ಟ. ಖಜಾನೆಗೆ ಬಡ್ಡಿ ಬರುವುದಿಲ್ಲ. ನಾನು ಯುದ್ಧದ ಭಯ ಇಲ್ಲದಿದ್ದರೆ 100ರಿಂದ 150 ಇಟ್ಟುಕೊಂಡು ಉಳಿದದ್ದನ್ನು ಮತ್ತೆ ಜನರಾಗಿ ಬದಲಿಸುತ್ತೇನೆ. ವರ್ಕರ್ 310, ಸೆಟ್ಲರ್ 500. ಸೆಟ್ಲರನ್ನು ಕೊಂಡರೆ ರಾಜಧಾನಿಯ ಬೆಳವಣಿಗೆ ನಿಲ್ಲುವುದಿಲ್ಲ, ಅದೇ ಅದರ ದೊಡ್ಡ ಗುಣ. ಮ್ಯಾರಿಟೈಮ್ ಸಿಟಿ ಸ್ಟೇಟ್ ಹತ್ತಿರದಲ್ಲಿದ್ದರೆ ಅದಕ್ಕೆ 250 ಅಥವಾ 500 ಕೊಟ್ಟು ಸ್ನೇಹ ಮಾಡಿಕೊಳ್ಳಿ, ಫುಡ್ ಕೊಡುತ್ತದೆ, ಮಿತ್ರ ರಾಜ್ಯವಾದರೆ ಎಲ್ಲ ನಗರಗಳಿಗೂ ಕೊಡುತ್ತದೆ. ಅವರು ಕೇಳಿದ ಕೆಲಸ ಮಾಡಿಕೊಟ್ಟರೆ ಅಷ್ಟು ಗೋಲ್ಡೂ ಬೇಡ. ಆಮೇಲೆ ಹೊಸ ನಗರದಲ್ಲಿ ಗ್ರೇನರಿ, ಮಧ್ಯ ಆಟದಲ್ಲಿ ಯೂನಿವರ್ಸಿಟಿ. ನಗರ ಎಷ್ಟು ದೊಡ್ಡದೋ ಯೂನಿವರ್ಸಿಟಿಯನ್ನು ಅಷ್ಟು ಬೇಗ ಕೊಳ್ಳಿ.

ಆಗಲೇ ಮೈನಸ್‌ನಲ್ಲಿ ಇದ್ದರೆ

ಖಜಾನೆ ಸೊನ್ನೆಯಾಗಿ ಆದಾಯವೂ ಮೈನಸ್ ಇದ್ದರೆ ಆ ಕೊರತೆಯನ್ನು ಆಟ ನಿಮ್ಮ ಸೈನ್ಸಿನಿಂದ ಕಿತ್ತುಕೊಳ್ಳುತ್ತದೆ, ಆಮೇಲೆ ಸೈನಿಕರನ್ನೂ ಒಬ್ಬೊಬ್ಬರಾಗಿ ಕಳೆದುಕೊಳ್ಳಬೇಕಾಗುತ್ತದೆ. ಅಲ್ಲಿಯ ತನಕ ಬಿಡಬೇಡಿ.

ಎಫ್2 ಒತ್ತಿ. ಆದಾಯ ಎಲ್ಲಿಂದ, ಖರ್ಚು ಎಲ್ಲಿಗೆ, ಬೇರೆ ಬೇರೆಯಾಗಿ ಕಾಣುತ್ತದೆ. ಕಟ್ಟಡ, ಸೈನ್ಯ, ರಸ್ತೆ, ಮೂರರಲ್ಲಿ ಯಾವುದು ದೊಡ್ಡದು ನೋಡಿ. ನಾನು ಮೊದಲು ಮಾರಾಟಕ್ಕೆ ಏನಿದೆ ಅಂತ ಹುಡುಕುತ್ತೇನೆ: ಎರಡನೇ ಲಕ್ಸುರಿ, ಬಳಸದ ಕುದುರೆ, ಕಬ್ಬಿಣ. ಅದು ಅದೇ ಟರ್ನಿನಲ್ಲಿ ಕೈಗೆ ಬರುತ್ತದೆ. ಆಮೇಲೆ ಒಳಗಿನ ಫುಡ್ ದಾರಿ ಇದ್ದರೆ ಅವಧಿ ಮುಗಿದ ಕೂಡಲೇ ಹೊರಗೆ ತಿರುಗಿಸುವುದು. ಆಮೇಲೆ ಕೆಲಸವಿಲ್ಲದ ಸೈನಿಕರು. ಹೊಸ ಕಟ್ಟಡಗಳ ಸಾಲಿನಿಂದ ಖರ್ಚಿನವನ್ನು ಹಿಂದಕ್ಕೆ ಹಾಕಿ, ಆ ಜಾಗದಲ್ಲಿ ಕ್ಯಾರವಾನ್, ಮಾರ್ಕೆಟ್ ಇಡುತ್ತೇನೆ. ಬೇಡದ ಕಟ್ಟಡವನ್ನು ಮಾರಲೂ ಬಹುದು, ಒಂದು ನಗರದಲ್ಲಿ ಟರ್ನಿಗೆ ಒಂದು. ಗಡಿಯಿಂದ ದೂರದ ನಗರದಲ್ಲಿ ಯಾವತ್ತೋ ಕಟ್ಟಿದ ಬ್ಯಾರಕ್ಸ್ ಇದ್ದರೆ ಅದೇ ಮೊದಲು ಹೋಗಲಿ.

ಇಷ್ಟು ಮಾಡಿಯೂ ಮೈನಸ್ ಇದ್ದರೆ ಮಾತ್ರ ಜನರನ್ನು ಮುಟ್ಟಿ. ಆಗಲೂ ಎಲ್ಲ ನಗರಗಳನ್ನು ಗೋಲ್ಡ್ ಫೋಕಸ್‌ಗೆ ಹಾಕಬೇಡಿ. ಬೆಳವಣಿಗೆಗೆ ಇನ್ನೂ 20 ಟರ್ನ್ ಬೇಕಾಗಿರುವ ದೊಡ್ಡ ನಗರ ಒಂದನ್ನು ಹುಡುಕಿ, ಅಲ್ಲಿ ಒಬ್ಬಿಬ್ಬರನ್ನು ಗೋಲ್ಡ್ ಟೈಲಿಗೋ ಮಾರ್ಕೆಟ್‌ನ ವ್ಯಾಪಾರಿ ಜಾಗಕ್ಕೋ ಕೂರಿಸಿ. ವ್ಯಾಪಾರಿ 2 ಗೋಲ್ಡ್ ಕೊಡುತ್ತಾನೆ, ಆದರೆ ಅಲ್ಲಿ ಜಾಸ್ತಿ ದಿನ ಇಡಬೇಡಿ. ಗ್ರೇಟ್ ಮರ್ಚೆಂಟ್, ಗ್ರೇಟ್ ಸೈಂಟಿಸ್ಟ್, ಗ್ರೇಟ್ ಇಂಜಿನಿಯರ್ ಮೂವರ ಎಣಿಕೆಯೂ ಒಂದಕ್ಕೊಂದು ಅಂಟಿಕೊಂಡಿದೆ, ಮರ್ಚೆಂಟ್ ಒಬ್ಬ ಹುಟ್ಟಿದರೆ ಮುಂದಿನ ಸೈಂಟಿಸ್ಟ್‌ಗೆ ಬೇಕಾದ ಅಂಕ ಏರುತ್ತದೆ. 3 ಜನರ, 4 ಜನರ ಊರುಗಳು ಫಾರ್ಮಿನಲ್ಲೇ ಇರಲಿ, ಅವು ನಾಲ್ಕೈದು ಟರ್ನಿಗೆ ಒಬ್ಬೊಬ್ಬರನ್ನು ಕೊಡುತ್ತಿವೆ, ರಸ್ತೆ ಸೇರಿದ್ದರೆ ಒಬ್ಬೊಬ್ಬನೂ ಟರ್ನಿಗೆ ಒಂದು ಗೋಲ್ಡ್ ಮೇಲೆ ತರುತ್ತಾನೆ.